ಕೀಲಿಕೈ ಕೊಡೂ ಮುಂದ

ತಗೋ ತಾಹೇರಾ, ಎರಡು ಕೀಲಿಕೈ.
ದೊಡ್ಡದು ಕೋಣೀದು, ಸಣ್ಣದು ಸರ್ವರ್ ಕಪಾಟಿಂದು.
ಬಾಗಲಾ ಜರಾ ಎತ್ತಿ ದೂಡಬೇಕು,
ಕಲಬುರಗಿ ಬಿಸಲಿಗೆ ಕಬ್ಬಿಣ ಸೈತ ಉಬ್ಬತದ.

ಗಂಜಿನ ತೊಗರಿ ತೂಕೆಲ್ಲಾ ಈ ಡಬ್ಬಿಯೊಳಗ ಅದ:
ಯಾರ ಚೀಲ, ಎಷ್ಟು ಕಿಲೋ, ಯಾವ ಅಡತಿ, ಏನು ದರ.
ಇದು ನಿಂತ್ರ ತಕ್ಕಡಿ ನಿಲ್ತದ,
ತಕ್ಕಡಿ ನಿಂತ್ರ ಲಾರಿ,
ಲಾರಿ ನಿಂತ್ರ ಸೂಪರ್ ಮಾರ್ಕೆಟ್ ತನಕ ಹಾರ್ನು.
ಆಗ ನಿನ್ನ ಫೋನ್ ಹೊಡಕೊಳ್ತದ.
ಮೊದಲು ನೀರು ಕುಡಿ.
ಆಮ್ಯಾಲ ಡಿಸ್ಕ್ ನೋಡು.

ಹತ್ತರಾಗ ಆರು ಸಲ ಡಿಸ್ಕೇ ತುಂಬಿರ್ತದ.
ಲಾಗ್ ಅಂದ್ರ ಮಾತಿನಮಲ್ಲಿ,
ಕೇಳೋರಿಲ್ಲದಿದ್ರೂ ಬರಕೋತ ಕೂಡ್ತದ.
ವಾರಕ್ಕೊಮ್ಮೆ ಮಡಚಿ, ಒತ್ತಿ ಕಟ್ಟಿ, ಹಳೇದು ತೆಗಿ.
ಒಮ್ಮೊಮ್ಮೆ ಫೈಲ್ ಅಳಿಸಿದ್ರೂ ಜಾಗ ಬರಂಗಿಲ್ಲ:
ಯಾವುದೋ ಪ್ರೊಸೆಸ್ ಅದರ ಸೆರಗ ಹಿಡಕೊಂಡು ಕೂತಿರ್ತದ.
ಯಾವುದಂತ ಹುಡುಕು,
ಅದೊಂದನ್ನೇ ಎಬ್ಬಿಸಿ ಮತ್ತ ಕೂಡಸು.
ಜಾಗ ಅದ ಅಂತದ, ಬರಿಯಾಕ ಆಗೂದಿಲ್ಲ ಅಂತದ,
ಅಂದ್ರ ಐನೋಡ್ ಮುಗದಾವ.
ಗೋದಾಮಿನಾಗ ಜಾಗ ಅದ,
ಚೀಲಕ್ಕ ಹಚ್ಚೋ ಚೀಟಿ ಇಲ್ಲ, ಹಂಗ.

ಬ್ಯಾಸಗ್ಯಾಗ ತಾನೇ ಬಂದ್ ಆಗ್ತಿತ್ತು ಒಂದು ವರ್ಷ.
ಮೂರು ದಿನ ಮೆಮೊರಿ ಬೈದೆ, ಕರ್ನಲ್ ಬೈದೆ.
ದಾಲ್ ಮಿಲ್ಲಿನ ಗಾಳಿ ಈ ಕಡೀಗೇ ಬೀಸ್ತದ
ಅನ್ನೋದು ತಲ್ಯಾಗ ಬರಲಿಲ್ಲ.
ಫ್ಯಾನಿನೊಳಗ ತೊಗರಿ ಹೊಟ್ಟು, ಗುಬ್ಬಿ ಗೂಡಿನಷ್ಟು.
ಬಣ್ಣ ಹಚ್ಚೋ ಬ್ರಷ್ ಕಪಾಟಿನ ಹಿಂದ ಅದ.

ಕರೆಂಟ್ ಹೋಗಿ ಬಂದ್ರ ಗಡಿಯಾರ ನೋಡು.
ನಲವತ್ತು ರೂಪಾಯಿ ಸೆಲ್ ಸತ್ತು
ಒಂದು ಮುಂಜಾನೆ ಎಲ್ಲಾ ಚೀಟಿ ಮ್ಯಾಲ
ಇಪ್ಪತ್ತು ವರ್ಷದ ಹಿಂದಿನ ತಾರೀಖು ಬಿತ್ತು.
"ಮೇಡಮ್ಮಾ, ದರಾ ಮಾತ್ರ ಇವತ್ತಿಂದೇ ಇರಲಿ"
ಅಂತ ನಕ್ಕರು ಚೀಲದವರು.

ಅನುಮತಿ ಇಲ್ಲ ಅಂತ ಬಂದ್ರ
ಎಲ್ಲಾರೂ ಹೇಳ್ತಾರ, ಏಳು ಏಳು ಏಳು ಕೊಡು.
ಕೊಡಬ್ಯಾಡ. ಕೀಲಿ ಜಾಮ್ ಆಗ್ಯಾದಂತ
ಗ್ವಾಡಿ ಕೆಡವಿದಂಗ.
ಫೈರ್‌ವಾಲ್ ಮುಟ್ಟೂ ಮುಂದ
ಐದು ನಿಮಿಷಕ್ಕ ಹಳೇದು ತಾನೇ ಬರೂಹಂಗ ಕಟ್ಟಿಡು.
ಕಟ್ಟದೇ ಸೇಡಂದಾಗ ಕೂತು ನಾನೇ ಹೊರಗ ಬಿದ್ದು
ನಡುರಾತ್ರಿ ಹಾಲಿನ ಗಾಡ್ಯಾಗ ಬಂದೀನಿ.

ಈಗ ಆ ಮಾತು.
ಅಳಿಸೋ ಹುಕುಂದಾಗ, ದಾರಿ ನಡುವ
ಒಂದು ಖಾಲಿ ಜಾಗ ಬಿಟ್ಟೆ.
ಒಂದೇ. ಜ್ವಾಳದ ಕಾಳಿನಷ್ಟು.
ರೂಟ್ ನಾನೇ, ಬ್ಯಾಡ ಅನ್ನೋರು ಯಾರು?
ಬ್ಯಾಕಪ್ ದಿನಾ "ಆಯ್ತು" ಅಂತ ಮೇಲ್ ಹಾಕತಿತ್ತು;
ತೆರದ್ರ ಒಳಗ ಸೊನ್ನಿ ಬೈಟು.
ಎಂಟು ತಿಂಗಳು.

ಹಮಾಲ ಬುಗ್ಗಪ್ಪ ಬಾಗಲಾಗ ನಿಂತು ಕೇಳಿದ,
"ಯಾವ ದಿನದ್ದು ಬೇಕು?"
ಗೋದಾಮಿನ ಹಿಂದಿನ ಗ್ವಾಡಿ ತುಂಬಾ ಇದ್ದಲಿ ಗೆರಿ,
ಐದಕ್ಕೊಂದು ಅಡ್ಡ,
ಅಡತಿಗೊಂದು ಗುರುತು: ಚಂದ್ರ, ಚೇಳು, ಕೊಡ.
ಕೂಲಿ ಲೆಕ್ಕ ತಪ್ಪಿಸ್ತಾರಂತ
ಹನ್ನೊಂದು ವರ್ಷ ಬರದಿದ್ದ.
ನಾ ಟಾರ್ಚ್ ಹಿಡದೆ, ಅವ ಓದಿದ,
ಬೆಳಗಿನ ಬಾಂಗು ಆಗೋತನಕ.
ಕಿಲೋ ಬರಲಿಲ್ಲ, ಚೀಲ ಬಂದವು.
ಉಳಿದದ್ದು ಅಡತಿಯವರ ಕಿಸೆದಾಗಿನ ಚೀಟಿಯಿಂದ ಕೂಡಿಸಿದ್ವಿ.
ಯಾರನ್ನೂ ನಂಬದವನ ಗ್ವಾಡಿ
ನನ್ನ ನೌಕರಿ ಉಳಿಸ್ತು.

ಅದಕ್ಕ, ಬ್ಯಾಕಪ್ ಆಯ್ತಂತ ಸುಮ್ನ ಇರಬ್ಯಾಡ.
ತಿಂಗಳಿಗೊಮ್ಮೆ ಬುತ್ತಿ ಬಿಚ್ಚಿದಂಗ ಬಿಚ್ಚಿ ನೋಡು,
ಒಂದು ತುತ್ತು ತಿಂದು ನೋಡು.
ಆ ಗ್ವಾಡಿಗೆ ಹ್ವಾದ ವರ್ಷ ಸುಣ್ಣ ಹೊಡದಾರ.

ಎಸಿ ರಿಮೋಟ್ ಕೇಳಲಿಲ್ಲಂದ್ರ ಸೆಲ್ ತಿರುವಿ ಹಾಕು.
ರೂಟ್ ಪಾಸ್‌ವರ್ಡ್ ನಾ ಬರದು ಕೊಡಂಗಿಲ್ಲ.
ಕೂಡು ಈ ಕುರ್ಚಿ ಮ್ಯಾಲ,
ನೀನೇ ಹೊಸದು ಹಾಕು,
ನಾ ಕಿಡಕಿ ಕಡೀಗಿ ತಿರುಗಿ ನಿಲ್ತೀನಿ.